ಓನರಮ್ಮನ ಇಂಗ್ಲಿಷ್ ಪಾಠವೂ, ಅಂಗಡಿ ಮಾತಿನ ಇತಿಹಾಸವೂ

ಜರ್ಮನಿಯ ಲೈಪ್ಜಿಗ್ ಊರಲ್ಲಿ ನಾನಿದ್ದದ್ದು ಹದಿನಾಲ್ಕು ತಿಂಗಳು. ಕಂಪೆನಿಯವರು ಕಳಿಸಿದ್ದು ಆರು ತಿಂಗಳಿಗೆ ಅಂತ. ಪ್ರಾಜೆಕ್ಟು ಎಳೆದಾಡಿ ಎಳೆದಾಡಿ ಎರಡು ಚಳಿಗಾಲ ಕಾಣುವಂತಾಯಿತು. ಹೋಗಿಳಿದದ್ದು ಒಂದು ಶನಿವಾರ ರಾತ್ರಿ. ಭಾನುವಾರ ಬೆಳಿಗ್ಗೆ ಹಾಲು ತರೋಣ ಅಂತ ಹೊರಟರೆ ಊರಿಗೆ ಊರೇ ಬಾಗಿಲು ಹಾಕಿತ್ತು. ಭಾನುವಾರ ಅಂಗಡಿ ಮುಚ್ಚಬೇಕೆಂಬುದು ಅಲ್ಲಿ ಬರೀ ರೂಢಿಯಲ್ಲ, 1919ರ ವೈಮಾರ್ ಸಂವಿಧಾನದಲ್ಲಿದ್ದ ಭಾನುವಾರದ ವಿಶ್ರಾಂತಿಯ ಮಾತು ಇವತ್ತಿನ ಸಂವಿಧಾನಕ್ಕೂ ಬಂದಿದೆ ಅಂತ ಆಮೇಲೆ ಗೊತ್ತಾಯಿತು. ಆವತ್ತು ಮಾತ್ರ ಅಮ್ಮ ಕಟ್ಟಿಕೊಟ್ಟಿದ್ದ ಚಕ್ಕುಲಿಯೇ ಗತಿ. ಅದನ್ನು ನೋಡಿ ಕನಿಕರಪಟ್ಟು ಕೆಳಗಿನ ಮನೆಯಿಂದ ಹಾಲು, ಬ್ರೆಡ್ಡು ತಂದುಕೊಟ್ಟವರು ನಮ್ಮ ಮನೆ ಓನರಮ್ಮ. ಅರವತ್ತರ ಮೇಲೆ ವಯಸ್ಸು, ಒಂಟಿ ಜೀವ. ಆವತ್ತಿಂದ ಭಾನುವಾರದ ಕಾಫಿ ಅವರ ಅಡುಗೆಮನೆಯಲ್ಲೇ.

ಅವರ ಮಗಳು ಮದುವೆಯಾಗಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದಾಳೆ. ಮೊಮ್ಮಗಳಿಗೆ ಜರ್ಮನ್ ಅಷ್ಟಕ್ಕಷ್ಟೇ. ಹಾಗಾಗಿ ಓನರಮ್ಮ ಸಂಜೆಯ ವಯಸ್ಕರ ಶಾಲೆಗೆ ಸೇರಿ ಇಂಗ್ಲಿಷ್ ಕಲಿಯುತ್ತಿದ್ದರು. ನನ್ನ ಜರ್ಮನ್ ಹರಕಲು, ಅವರ ಇಂಗ್ಲಿಷ್ ಮುರುಕಲು. ಒಬ್ಬರಿಗೊಬ್ಬರು ಮೇಷ್ಟ್ರಾದೆವು. ಒಂದು ಭಾನುವಾರ ಪುಸ್ತಕದಲ್ಲಿ "ಶಾಪಿಂಗ್" ಅನ್ನುವ ಪಾಠ ಬಂತು. ಅವರು ತಡವರಿಸಿಕೊಂಡು ಹೇಳಿದ ಮೊದಲ ವಾಕ್ಯ ಇದು: "ಐ ಬಿಕಮ್ ಎ ರಾಕ್, ಪ್ಲೀಸ್."

ನಾನು ಬಂಡೆಯಾಗುತ್ತೇನೆ, ದಯವಿಟ್ಟು! ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಪುಸ್ತಕ ಮುಚ್ಚಿಟ್ಟು ಕಾಫಿ ಬಗ್ಗಿಸಿದರು. ಆಮೇಲೆ ಅರ್ಥವಾಯಿತು. ಜರ್ಮನ್ನಿನಲ್ಲಿ "ಬೆಕೊಮ್ಮೆನ್" ಅಂದರೆ ಸಿಗು, ಪಡೆ ಅಂತ. "ರಾಕ್" ಅಂದರೆ ಲಂಗ. ಆಕೆ ಕೇಳಿದ್ದು "ಒಂದು ಲಂಗ ಸಿಗುತ್ತಾ?" ಅಂತ, ಅಷ್ಟೇ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರುಮಾಡಿದ ಕನ್ನಡ ಮೀಡಿಯಂ ಹುಡುಗ ನಾನು. ಇಂಜಿನಿಯರಿಂಗ್ ಮೊದಲ ವರ್ಷ ಬಾಯಿಬಿಟ್ಟರೆ ಎಲ್ಲಿ ನಗುತ್ತಾರೋ ಅಂತ ಹಿಂದಿನ ಬೆಂಚಿನಲ್ಲಿ ಕೂತವನು. ನಾನೇ ನಕ್ಕೆನಲ್ಲ ಅಂತ ನಾಚಿಕೆಯಾಯಿತು. ಪ್ರಾಯಶ್ಚಿತ್ತಕ್ಕೆ ಅಂತ ಆ ಪಾಠದ ಪದಗಳ ಹಿಂದೆ ಬಿದ್ದೆ. ಈ ಬರಹ ಆ ಪ್ರಾಯಶ್ಚಿತ್ತದ ಫಲ.

ಮೊದಲು "ಚೀಪ್" ಅನ್ನುವ ಪದ ತೆಗೆದುಕೊಳ್ಳಿ. ಇವತ್ತು ಅದಕ್ಕೆ ಅಗ್ಗ ಅಂತ ಅರ್ಥ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದರ ಪೂರ್ವಜ ಪದಕ್ಕೆ ವ್ಯಾಪಾರ, ಕೊಳುಕೊಡೆ ಅಂತ ಅರ್ಥವಿತ್ತು. ಲಂಡನ್ನಿನ ಚೀಪ್‌ಸೈಡ್ ಬೀದಿ ಅಗ್ಗದ ಬೀದಿಯಲ್ಲ, ಸಂತೆ ಬೀದಿ. "ಒಳ್ಳೆಯ ಚೀಪ್" ಅಂದರೆ ಒಳ್ಳೆಯ ವ್ಯಾಪಾರ ಅಂತಿದ್ದದ್ದು ಸವೆದು ಸವೆದು ಬರೀ ಚೀಪ್ ಉಳಿಯಿತು, ಅಗ್ಗ ಅಂತಾಯಿತು. ಇದರ ಜರ್ಮನ್ ಒಡಹುಟ್ಟು ಯಾವುದು ಗೊತ್ತೇ? "ಕೌಫೆನ್", ಅಂದರೆ ಕೊಳ್ಳು. ಎರಡರ ಮೂಲವೂ ಲ್ಯಾಟಿನ್ನಿನ "ಕೌಪೋ", ಅಂದರೆ ಛತ್ರ ನಡೆಸುವವನು, ಸಣ್ಣ ವ್ಯಾಪಾರಿ. ರೈನ್ ನದಿಯ ಗಡಿಯಲ್ಲಿ ರೋಮನ್ ಸಿಪಾಯಿಗಳಿಗೂ ಸುತ್ತಲ ಜರ್ಮನಿಕ್ ಜನರಿಗೂ ಹೆಂಡ, ಸಾಮಾನು ಮಾರುತ್ತಿದ್ದವನ ಹೆಸರೇ ಆ ಜನರ ಬಾಯಲ್ಲಿ ವ್ಯಾಪಾರಕ್ಕೆಲ್ಲ ಹೆಸರಾಯಿತು. ಡೆನ್ಮಾರ್ಕಿನ ಕೋಪನ್‌ಹೇಗನ್ ಹೆಸರಿನಲ್ಲೂ ಇದೇ ಪದ ಕೂತಿದೆ. ವ್ಯಾಪಾರಿಗಳ ಬಂದರು ಅಂತ ಅದರ ಅರ್ಥ.

ಚೀಪ್‌ನಲ್ಲಿ "ಪ" ಇದೆ, ಕೌಫೆನ್‌ನಲ್ಲಿ "ಫ" ಇದೆ. ಇದು ಕಾಕತಾಳೀಯ ಅಲ್ಲ. ಐದನೇ ಶತಮಾನದಲ್ಲಿ ಆಂಗ್ಲೋ-ಸ್ಯಾಕ್ಸನ್ ಜನ ಸಮುದ್ರ ದಾಟಿ ಬ್ರಿಟನ್ನಿಗೆ ಹೋದರು. ಅದರ ಆಸುಪಾಸಿನಿಂದ ಎಂಟನೇ ಶತಮಾನದವರೆಗೆ ಯೂರೋಪಿನ ನೆಲದಲ್ಲೇ ಉಳಿದ ತೆಂಕಣ ಜರ್ಮನ್ನರ ಬಾಯಲ್ಲಿ ವ್ಯಂಜನಗಳು ಜಾರಿದವು. "ಪ" ಅನ್ನುವುದು "ಫ" ಅಥವಾ "ಪ್ಫ" ಆಯಿತು, "ಟ" ಅನ್ನುವುದು "ತ್ಸ" ಅಥವಾ "ಸ" ಆಯಿತು. ದೋಣಿ ಹತ್ತಿ ಹೋದವರಿಗೆ ಈ ಸುದ್ದಿ ಮುಟ್ಟಲಿಲ್ಲ. ಹಾಗಾಗಿ ಇಂಗ್ಲಿಷಿನ ಪೌಂಡ್ ಜರ್ಮನ್ನಿನ ಪ್ಫುಂಡ್, ಶಿಪ್ ಅಲ್ಲಿ ಶಿಫ್, ಆಪಲ್ ಅಲ್ಲಿ ಆಪ್ಫೆಲ್, ಪೆಪ್ಪರ್ ಅಲ್ಲಿ ಪ್ಫೆಫರ್. (ಪೆಪ್ಪರ್ ಅಂದರೆ ನಮ್ಮ ಕಡೆಯ ಪಿಪ್ಪಲಿಯೇ. ಗ್ರೀಕ್, ಲ್ಯಾಟಿನ್ ದಾಟಿ ಅಲ್ಲಿಗೆ ಹೋದದ್ದು.) ಸುಂಕಕ್ಕೆ ಇಂಗ್ಲಿಷಿನಲ್ಲಿ ಟೋಲ್, ಜರ್ಮನ್ನಿನಲ್ಲಿ ತ್ಸೋಲ್. ಹೀಗೆ ಪದಗಳು ಸಾಲಾಗಿ, ಕಟ್ಟುನಿಟ್ಟಾಗಿ ಬದಲಾಗುತ್ತವೆ ಅಂತ 1822ರಲ್ಲಿ ನಿಯಮವಾಗಿ ಬರೆದಿಟ್ಟವನು ಯಾಕೋಬ್ ಗ್ರಿಮ್. ತಮ್ಮನ ಜೊತೆ ಕಿನ್ನರಿ ಕಥೆಗಳನ್ನು ಒಟ್ಟುಮಾಡಿದ ಅದೇ ಗ್ರಿಮ್.

ಇದನ್ನು ಓನರಮ್ಮನಿಗೆ ಹೇಳುವಾಗ ನನಗೆ ತಟ್ಟನೆ ಹೊಳೆದದ್ದು ನಮ್ಮದೇ ಕಥೆ. ಹಳಗನ್ನಡದ ಪಾಲ್ ಇವತ್ತಿನ ಹಾಲು, ಪೂ ಅನ್ನುವುದು ಹೂ, ಪತ್ತು ಅನ್ನುವುದು ಹತ್ತು. ಹತ್ತನೇ ಶತಮಾನದ ಆಸುಪಾಸಿನಿಂದ ಶುರುವಾಗಿ ಕೆಲವು ಶತಮಾನಗಳಲ್ಲಿ ಕನ್ನಡದ "ಪ" ಮೆಲ್ಲಗೆ "ಹ" ಆಯಿತು. ಪಕ್ಕದ ತಮಿಳು ಹಳೆಯ "ಪ" ಬಿಡಲಿಲ್ಲ. ಅಂಗಡಿಯಲ್ಲಿ ಎಣಿಸಿ ಕೊಡುವ "ಹಣ"ವೂ ಹಿಂದೆ "ಪಣ"ವೇ. ಅದೇ ಪಣ ತಮಿಳಿನಲ್ಲಿ ಪಣಂ ಆಗಿ, ಈಸ್ಟ್ ಇಂಡಿಯಾ ಕಂಪೆನಿಯವರ ಲೆಕ್ಕದ ಪುಸ್ತಕದಲ್ಲಿ "ಫನಂ" ಆಯಿತು. ಅಂದರೆ ಇಂಗ್ಲಿಷಿಗೂ ಜರ್ಮನ್ನಿಗೂ ಇರುವ ಜಗಳ ತಮಿಳಿಗೂ ಕನ್ನಡಕ್ಕೂ ಇರುವಂಥದ್ದೇ, ತುಟಿಯ ಜಗಳ! ಓನರಮ್ಮ ಒಂದು ಹಾಳೆ ತೆಗೆದುಕೊಂಡು ಎಡಗಡೆ ಇಂಗ್ಲಿಷ್, ಬಲಗಡೆ ಜರ್ಮನ್ ಬರೆಯತೊಡಗಿದರು. ಎದುರಿಗಿದ್ದದ್ದು ಪರಕೀಯ ಭಾಷೆಯಲ್ಲ, ಊರು ಬಿಟ್ಟುಹೋದ ದಾಯಾದಿ ಅಂತ ಗೊತ್ತಾದ ಮೇಲೆ ಅವರ ಮುಖದ ಗಂಟು ಸಡಿಲಾಯಿತು.

"ಟೆಲ್ಲರ್" ಅನ್ನುವ ಪದಕ್ಕೆ ಬಂದಾಗ ಇನ್ನೂ ಮಜಾ. ಬ್ಯಾಂಕಿನಲ್ಲಿ ಹಣ ಎಣಿಸಿ ಕೊಡುವವನು ಟೆಲ್ಲರ್. ಅವನೇನು ಕಥೆ ಹೇಳುತ್ತಾನಾ? ಇಲ್ಲ, "ಟೆಲ್" ಅನ್ನುವುದಕ್ಕೆ ಹಳೆಯ ಅರ್ಥ ಎಣಿಸು ಅಂತಲೇ. ಜರ್ಮನ್ನಿನಲ್ಲಿ "ತ್ಸೇಲೆನ್" ಅಂದರೆ ಎಣಿಸು, "ತ್ಸಾಲೆನ್" ಅಂದರೆ ಹಣ ಸಲ್ಲಿಸು, "ಎರ್‌ತ್ಸೇಲೆನ್" ಅಂದರೆ ಕಥೆ ಹೇಳು. ನಮ್ಮಲ್ಲೂ ನೋಡಿ, ದುಡ್ಡನ್ನೂ ಎಣಿಸುತ್ತೇವೆ, "ಹೀಗಾಗುತ್ತೆ ಅಂತ ಎಣಿಸಿರಲಿಲ್ಲ" ಅಂತಲೂ ಅನ್ನುತ್ತೇವೆ.

ಹಾಗಾದರೆ ಇಂಗ್ಲಿಷ್ ಅಂಗಡಿ ಪದಗಳೆಲ್ಲ ಜರ್ಮನ್ನಿನ ನೆಂಟರೇ? ಅಲ್ಲ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್ ಆಯಿತು. ಮುಂದಿನ ಮುನ್ನೂರು ವರ್ಷ ಫ್ರೆಂಚ್ ಪದಗಳು ಇಂಗ್ಲಿಷಿಗೆ ಹೊಳೆಯಾಗಿ ಹರಿದವು. ಬೈ, ಸೆಲ್, ಶಾಪ್, ಚೀಪ್ ಇವು ಹಳೆಯ ನೆಲದ ಪದಗಳು. ಪ್ರೈಸ್, ಪೇ, ಮನಿ, ಪರ್ಚೇಸ್, ಬಾರ್ಗೇನ್, ಮರ್ಚೆಂಟ್ ಇವು ಫ್ರೆಂಚಿನಿಂದ ಬಂದವು. ಶಾಪ್ ಅಂದರೆ ಗುಡಾರದಂಥ ಸಣ್ಣ ಮಳಿಗೆ, ಅದರ ಜರ್ಮನ್ ನೆಂಟ ಪದಕ್ಕೆ ಇವತ್ತಿಗೂ ಕೊಟ್ಟಿಗೆ ಅಂತ ಅರ್ಥ. ಪೇ ಅನ್ನುವುದರ ಲ್ಯಾಟಿನ್ ಮೂಲಕ್ಕೆ ಸಮಾಧಾನಪಡಿಸು ಅಂತ ಅರ್ಥ. ಸಾಲಗಾರನನ್ನು ಸಮಾಧಾನಪಡಿಸುವುದೇ ಪೇಮೆಂಟು :) "ರೀಟೇಲ್" ಅಂದರೆ ತುಂಡು ಮಾಡಿ ಮಾರುವುದು, ಬಟ್ಟೆ ಕತ್ತರಿಸುವ ಟೈಲರನಲ್ಲಿರುವುದೂ ಅದೇ ಧಾತು.

ಜರ್ಮನ್ ಕಲಿಯುವವರಿಗೆ ಗುಂಡಿ ತೋಡುವುದು ಲ್ಯಾಟಿನ್ ಸಂತಾನವೇ ಹೆಚ್ಚು. ಇಂಗ್ಲಿಷಿನಲ್ಲಿ "ಸ್ಪೆಂಡ್" ಅಂದರೆ ಖರ್ಚು ಮಾಡು. ಅದೇ ಮೂಲದ ಜರ್ಮನ್ "ಶ್ಪೆಂಡೆನ್" ಅಂದರೆ ದಾನ ಮಾಡು! "ರೆತ್ಸೆಪ್ಟ್" ಅಂದರೆ ಔಷಧದ ಚೀಟಿ ಅಥವಾ ಅಡುಗೆ ವಿಧಾನ, ಅಂಗಡಿಯ ರಸೀತಿಯಲ್ಲ. "ವಾರೆನ್‌ಹೌಸ್" ಅಂದರೆ ಎಲ್ಲ ಸಿಗುವ ದೊಡ್ಡ ಅಂಗಡಿ, ಇಂಗ್ಲಿಷಿನ ವೇರ್‌ಹೌಸ್ ಅಂದರೆ ಗೋಡೌನು. ಎಲ್ಲಕ್ಕಿಂತ ಭಯಂಕರ "ಗಿಫ್ಟ್". ಜರ್ಮನ್ನಿನಲ್ಲಿ ಅದು ವಿಷ. ಮೊಮ್ಮಗಳಿಗೆ ಗಿಫ್ಟ್ ಕೊಳ್ಳುವ ವಾಕ್ಯವನ್ನು ಓನರಮ್ಮ ಕೊನೆಯವರೆಗೂ ಧೈರ್ಯವಾಗಿ ಹೇಳಲಿಲ್ಲ, "ಪ್ರೆಸೆಂಟ್" ಅಂತಲೇ ಅಂದರು.

ಜರ್ಮನ್ನರು ಇಂಗ್ಲಿಷ್ ಕಲಿತು ಅಂಗಡಿ ನಡೆಸಿದ್ದು ಹೊಸದೇನಲ್ಲ. ಲ್ಯೂಬೆಕ್, ಹ್ಯಾಂಬರ್ಗ್ ಮೊದಲಾದ ಊರುಗಳ ವ್ಯಾಪಾರಿ ಕೂಟ "ಹಾನ್ಸೆ" ಲಂಡನ್ನಿನಲ್ಲಿ ಥೇಮ್ಸ್ ದಡದ ಮೇಲೆ ಸ್ಟೀಲ್‌ಯಾರ್ಡ್ ಅನ್ನುವ ಕೋಟೆಯಂಥ ಮಳಿಗೆ ಇಟ್ಟುಕೊಂಡಿತ್ತು. 1474ರ ಉಟ್ರೆಕ್ಟ್ ಒಪ್ಪಂದದಲ್ಲಿ ಆ ಜಾಗ ಅವರ ಸ್ವಂತದ್ದಾಯಿತು. 1532ರಲ್ಲಿ ಹಾನ್ಸ್ ಹೋಲ್ಬೈನ್ ಅಲ್ಲಿನ ಗೇಯೋರ್ಗ್ ಗೀಸೆ ಅನ್ನುವ ತರುಣ ವ್ಯಾಪಾರಿಯ ಚಿತ್ರ ಬರೆದ. ಅದು ಬರ್ಲಿನ್ನಿನಲ್ಲಿದೆ, ನಾನು ನೋಡಿಬಂದೆ. ಸುತ್ತ ಕಾಗದಪತ್ರ, ಮೊಹರು, ನಾಣ್ಯ, ಮುಖದಲ್ಲಿ ಒಂಥರಾ ಒಂಟಿತನ. ಆನ್‌ಸೈಟ್‌ಗೆ ಬಂದ ಹುಡುಗನ ಹಾಗೇ ಕಾಣುತ್ತಾನೆ! 1598ರಲ್ಲಿ ಒಂದನೇ ಎಲಿಜಬೆತ್ ರಾಣಿ ಆ ಮಳಿಗೆ ಮುಚ್ಚಿಸಿದಳು. ಇವತ್ತು ಅಲ್ಲಿ ಕ್ಯಾನನ್ ಸ್ಟ್ರೀಟ್ ರೈಲು ನಿಲ್ದಾಣ.

ಡಾಲರ್ ಕೂಡ ಹುಟ್ಟಿನಲ್ಲಿ ಜರ್ಮನ್. ಬೊಹೀಮಿಯಾದ ಯೋವಾಕಿಮ್ಸ್‌ತಾಲ್ ಕಣಿವೆಯ ಬೆಳ್ಳಿಯಿಂದ 1520ರ ಸುಮಾರಿಗೆ ಹೊಡೆದ ನಾಣ್ಯ "ಯೋವಾಕಿಮ್ಸ್‌ತಾಲರ್". ಮೊದಲರ್ಧ ಉದುರಿ ತಾಲರ್, ಆಮೇಲೆ ಡಾಲರ್. ಇನ್ನು "ಕ್ಯಾಶ್" ಇದೆಯಲ್ಲ, ಅದೂ ಜರ್ಮನ್ನಿನ "ಕಾಸ್ಸೆ"ಯೂ ಲ್ಯಾಟಿನ್ನಿನಲ್ಲಿ ಪೆಟ್ಟಿಗೆ ಅನ್ನುವ ಪದದಿಂದ ಬಂದವು. ದುಡ್ಡಿನ ಪೆಟ್ಟಿಗೆಯೇ ದುಡ್ಡಾಯಿತು. ಆದರೆ ಇಂಗ್ಲಿಷಿನಲ್ಲಿ ಇನ್ನೊಂದು ಕ್ಯಾಶ್ ಇತ್ತು. ದಕ್ಷಿಣ ಭಾರತದ ಚಿಕ್ಕ ನಾಣ್ಯದ ಹೆಸರದು, ಪೋರ್ಚುಗೀಸರ ಬಾಯಿಂದ ಹೋದ ನಮ್ಮ "ಕಾಸು". ಒಂದೇ ಉಚ್ಚಾರ, ಎರಡು ವಂಶ.

ಜರ್ಮನ್ನಿನಲ್ಲಿ ಅಂಗಡಿಗೆ "ಲಾಡೆನ್" ಅನ್ನುತ್ತಾರೆ. ಅದರ ಮೂಲ ಅರ್ಥ ಹಲಗೆ. ಬೀದಿ ಕಡೆಗೆ ಹಲಗೆ ಇಳಿಬಿಟ್ಟು ಸಾಮಾನು ಹರಡುತ್ತಿದ್ದರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರಿನ ಶೆಟ್ಟರ ಅಂಗಡಿ. ಒಂದರಿಂದ ಹನ್ನೊಂದರವರೆಗೆ ನಂಬರು ಬರೆದ ಹಲಗೆ ಬಾಗಿಲು, ಬೆಳಿಗ್ಗೆ ಒಂದೊಂದೇ ತೆಗೆದು ಗೋಡೆಗೆ ಒರಗಿಸುತ್ತಿದ್ದರು. ಜರ್ಮನ್ನರು ಅಂಥ ಮೂಲೆಯಂಗಡಿಗೆ "ಎಮ್ಮಾ ಚಿಕ್ಕಮ್ಮನ ಅಂಗಡಿ" ಅನ್ನುತ್ತಾರೆ. ಅಲ್ಲಿ ಬಾಯಿಬಿಟ್ಟು ಕೇಳಲೇಬೇಕು. ಗಿರಾಕಿಯೇ ಕೈಹಾಕಿ ತೆಗೆದುಕೊಳ್ಳುವ ಮೊದಲ ಜರ್ಮನ್ ಅಂಗಡಿ 1938ರಲ್ಲಿ ಓಸ್ನಾಬ್ರ್ಯುಕ್‌ನಲ್ಲಿ ತೆರೆಯಿತು. ಮಾತಿಲ್ಲದೆ ಕೊಳ್ಳುವ ಕಾಲ ಶುರುವಾದದ್ದು ಹಾಗೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಪಾಠದಲ್ಲಿ ಓನರಮ್ಮ ಎಡವುತ್ತಿದ್ದದ್ದು ಉಚ್ಚಾರದಲ್ಲಲ್ಲ. "ಡಿಸ್ಕೌಂಟ್", "ಸೇಲ್", "ಬಾರ್ಗೇನ್" ಇವುಗಳ ಜರ್ಮನ್ ಪದ ಕೊಟ್ಟರೂ ಅವರ ನಾಲಿಗೆ ಏಳುತ್ತಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಹೇಳಿದರು: ಅವರು ಹಿಂದೆ ಅಂಗಡಿಯಲ್ಲೇ ಕೆಲಸ ಮಾಡಿದವರು. ಪೂರ್ವ ಜರ್ಮನಿಯ ಒಂದು "ಕೌಫ್‌ಹಾಲೆ"ಯಲ್ಲಿ ಕ್ಯಾಷಿಯರ್! ಪಶ್ಚಿಮದವರು ಸೂಪರ್‌ಮಾರ್ಕೆಟ್ ಅಂದದ್ದಕ್ಕೆ ಪೂರ್ವದ ಹೆಸರು ಕೌಫ್‌ಹಾಲೆ. ಅಲ್ಲಿ ಬೆಲೆ ಸರಕಾರದ್ದು, ಸಾಮಾನಿನ ಮೇಲೇ ಅಚ್ಚಾಗಿರುತ್ತಿತ್ತು. ಒಂದು ಬನ್ನಿಗೆ ಐದು ಫೆನ್ನಿಗ್, ವರ್ಷಾನುಗಟ್ಟಲೆ ಅದೇ. ರಿಯಾಯಿತಿ ಕೇಳುವುದು, ಕೊಡುವುದು ಅನ್ನುವುದು ಆ ಕೌಂಟರಿನಲ್ಲಿ ಇರಲೇ ಇಲ್ಲ. ಇಲ್ಲದ ವಸ್ತುವಿಗೆ ಪದ ಯಾಕೆ ಬೇಕು?

ಇಂಗ್ಲಿಷಾದರೂ ಎಲ್ಲಿ ಬರಬೇಕು? ಅಲ್ಲಿ ಐದನೇ ತರಗತಿಯಿಂದ ಕಡ್ಡಾಯವಾಗಿದ್ದದ್ದು ರಷ್ಯನ್. ಪಶ್ಚಿಮ ಜರ್ಮನಿಯಲ್ಲಾದರೆ 1964ರ ಹ್ಯಾಂಬರ್ಗ್ ಒಪ್ಪಂದದ ಮೇಲೆ ಸಾಮಾನ್ಯ ಶಾಲೆಯ ಮಕ್ಕಳೂ ಐದನೇ ತರಗತಿಗೇ ಇಂಗ್ಲಿಷ್ ಹಿಡಿದರು. ತಮಾಷೆ ಅಂದರೆ ಪೂರ್ವದಲ್ಲೂ ಒಂದೆರಡು ಇಂಗ್ಲಿಷ್ ಪದ ನುಸುಳಿದ್ದವು. ಹುರಿದ ಕೋಳಿಗೆ ಅಲ್ಲಿ "ಬ್ರಾಯ್ಲರ್" ಅಂತಲೇ ಹೆಸರು. ಇನ್ನೊಂದು "ಇಂಟರ್‌ಶಾಪ್". 1962ರಲ್ಲಿ ಶುರುವಾದ ಈ ಸರಕಾರಿ ಅಂಗಡಿಯಲ್ಲಿ ಪಶ್ಚಿಮದ ಕಾಫಿ, ಸೋಪು, ಚಾಕೊಲೇಟು ಇತ್ತು, ಆದರೆ ವಿದೇಶಿ ಹಣಕ್ಕೆ ಮಾತ್ರ. 1974ರವರೆಗೆ ಸ್ವಂತ ಪ್ರಜೆಗಳು ಅಂಥ ಹಣ ಇಟ್ಟುಕೊಳ್ಳುವುದೇ ಅಪರಾಧ. ಓನರಮ್ಮನ ಪಾಲಿಗೆ "ಶಾಪ್" ಅನ್ನುವ ಇಂಗ್ಲಿಷ್ ಪದದ ಅರ್ಥ ಬಹಳ ದಿನ ಒಂದೇ: ಒಳ್ಳೆಯ ವಾಸನೆ ಬರುವ, ತಾನು ಒಳಗೆ ಹೋಗಲಾಗದ ಜಾಗ.

1989ರ ನವೆಂಬರಿನಲ್ಲಿ ಗೋಡೆ ತೆರೆಯಿತು. ಪಶ್ಚಿಮಕ್ಕೆ ಬಂದವರಿಗೆ ಸ್ವಾಗತದ ಹಣ ಅಂತ ತಲೆಗೆ 100 ಮಾರ್ಕ್ ಕೊಟ್ಟರು. 1990ರ ಜುಲೈ 1ರಿಂದ ಪಶ್ಚಿಮದ ಮಾರ್ಕೇ ಪೂರ್ವದ ಹಣವಾಯಿತು. ಅದು ಭಾನುವಾರ. ಆ ಶನಿವಾರ, ಭಾನುವಾರ ಓನರಮ್ಮ ಮತ್ತು ಜೊತೆಯವರು ಹಳೆಯ ಸಾಮಾನು ಇಳಿಸಿ ಹೊಸದನ್ನು ಪೇರಿಸಿದರು. ಸೋಮವಾರ ಬಂದ ಗಿರಾಕಿಗಳು "ಇದೇನು?" ಅಂತ ಡಬ್ಬ ಎತ್ತಿ ಕೇಳಿದರೆ ಅಂಗಡಿಯವರಿಗೇ ಗೊತ್ತಿಲ್ಲ. ಡಬ್ಬದ ಮೇಲಿನ ಅರ್ಧ ಪದಗಳು ಇಂಗ್ಲಿಷ್. "ಹದಿಮೂರು ವರ್ಷ ಕೂತ ಕೌಂಟರಿನಲ್ಲೇ ನಾನು ಪರದೇಶಿಯಾದೆ" ಅಂದರು. ಎಂಟು ತಿಂಗಳಿಗೆ ಆ ಅಂಗಡಿಯೂ ಹೋಯಿತು, ಕೆಲಸವೂ ಹೋಯಿತು. ನಾನು ಆವತ್ತು ಯಾಕೆ ನಗಬಾರದಿತ್ತು ಅಂತ ನನಗೆ ಪೂರ್ತಿ ಅರ್ಥವಾದದ್ದು ಆಗ.

ಪಶ್ಚಿಮದವರೇನು ಚೌಕಾಸಿಯಲ್ಲಿ ಪಂಟರಲ್ಲ. 1933ರ ಒಂದು ಕಾನೂನಿನ ಪ್ರಕಾರ ಗಿರಾಕಿಗೆ ಶೇಕಡಾ 3ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿರಲಿಲ್ಲ. ಅದು ರದ್ದಾದದ್ದು 2001ರಲ್ಲಿ. ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಮಾತ್ರ ನಡೆಯಬಹುದಾಗಿದ್ದ ತೀರುವಳಿ ಮಾರಾಟದ ಕಟ್ಟಳೆ ಹೋದದ್ದು 2004ರಲ್ಲಿ. ಇವತ್ತು ಅಲ್ಲಿನ ಕಿಟಕಿಗಳಲ್ಲಿ ವರ್ಷವಿಡೀ ಕೆಂಪಕ್ಷರದ "ಸೇಲ್" ಅನ್ನುವ ಇಂಗ್ಲಿಷ್ ಪದ. ಇಂಗ್ಲಿಷಿನ ಮೋಹ ಎಷ್ಟಿತ್ತೆಂದರೆ ಒಂದು ಸುಗಂಧದ ಅಂಗಡಿ ಸರಣಿ "ಕಮ್ ಇನ್ ಆಂಡ್ ಫೈಂಡ್ ಔಟ್" ಅನ್ನುವ ಘೋಷವಾಕ್ಯ ಇಟ್ಟುಕೊಂಡಿತ್ತು. 2003ರಲ್ಲಿ ಕಲೋನ್ ನಗರದ ಒಂದು ಸಂಸ್ಥೆ ಜನರನ್ನು ಕೇಳಿ ನೋಡಿದರೆ, ಹಲವರು ಅದಕ್ಕೆ "ಒಳಗೆ ಬನ್ನಿ, ಹೊರಗೆ ಹೋಗುವ ದಾರಿ ಹುಡುಕಿಕೊಳ್ಳಿ" ಅಂತ ಅರ್ಥ ಮಾಡಿಕೊಂಡಿದ್ದರು!

ಒಂದು ಭಾನುವಾರ ಓನರಮ್ಮ ಬೇಜಾರಿನಿಂದ "ಈ ವಯಸ್ಸಿನಲ್ಲಿ ಬರುತ್ತಾ ಇದು?" ಅಂದಾಗ ನಾನು ಕಿಟ್ಟೆಲ್ ಕಥೆ ಹೇಳಿದೆ. ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರದ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಆ ಕಡೆಯ ಆಡುನುಡಿ ಕೆಳಜರ್ಮನ್. ವ್ಯಂಜನಗಳು ಜಾರದೆ ಉಳಿದ ಆ ನುಡಿಯಲ್ಲಿ ಕೊಳ್ಳುವುದಕ್ಕೆ "ಕೋಪೆನ್" ಅನ್ನುತ್ತಾರೆ, ಇಂಗ್ಲಿಷಿನ ಹಾಗೆ "ಪ" ಗಟ್ಟಿ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಕರ್ನಾಟಕಕ್ಕೆ ಬಂದ ಕಿಟ್ಟೆಲ್, ದಶಕಗಟ್ಟಲೆ ದುಡಿದು 1894ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚು ಹಾಕಿಸಿದರು. ಸುಮಾರು 70,000 ಪದಗಳು. ಗಮನಿಸಿ, ಕನ್ನಡವೂ ಅವರ ತಾಯ್ನುಡಿಯಲ್ಲ, ಇಂಗ್ಲಿಷೂ ಅಲ್ಲ. ಎರಡು ಕಲಿತ ಭಾಷೆಗಳ ನಡುವೆ ಸೇತುವೆ ಕಟ್ಟಿದ ಮನುಷ್ಯ. "ಹಾಗಾದರೆ ಒಂದು ಲಂಗ ಕೊಳ್ಳುವಷ್ಟು ನಾನು ಕಲಿಯಬಹುದು" ಅಂದರು ಓನರಮ್ಮ.

ಹೋಗಿಬಂದರು ಕೂಡ. ಲಂಗ ಕೇಳಿ, ಅಳತೆ ನೋಡಿ, ದುಡ್ಡು ಕೊಟ್ಟು, ರಸೀತಿ ಇಸಕೊಂಡು ಎಲ್ಲ ಸುಸೂತ್ರ. ಒಂದೇ ಕಡೆ ಸಿಕ್ಕಿಹಾಕಿಕೊಂಡದ್ದು. ಕೌಂಟರಿನ ಹುಡುಗಿ "ಯೂ ಆಲ್‌ರೈಟ್?" ಅಂದಳಂತೆ. ಅಲ್ಲಿ ಅದು "ಬನ್ನಿ, ಏನು ಬೇಕು?" ಅನ್ನುವ ಹಾಗೆ. ಇವರು ತನ್ನ ಮುಖ ಬಾಡಿದೆಯೇನೋ ಅಂದುಕೊಂಡು ಮಂಡಿ ನೋವಿನ ಕಥೆ ಪೂರ್ತಿ ಇಂಗ್ಲಿಷಿನಲ್ಲಿ ಹೇಳಿದರಂತೆ. ಆ ಹುಡುಗಿ ಪೂರ್ತಿ ಕೇಳಿದಳಂತೆ. ಹೇಳುವಾಗ ಓನರಮ್ಮ ನಕ್ಕರು, ಈ ಸಲ ನಾನೂ ನಕ್ಕೆ.

ನಾನು ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅಮ್ಮ ಊರಿಂದ ಬಂದಳು. ಊರ ಸಂತೆಯಲ್ಲಿ ಅಮ್ಮ ಬದನೆಕಾಯಿ ಚೌಕಾಸಿ ಮಾಡುವುದನ್ನು ನೀವು ನೋಡಬೇಕು. ಕೈಯಲ್ಲಿ ತೂಗಿ, ಒಂದು ಹೆಜ್ಜೆ ಮುಂದೆ ಹೋಗಿ, ವಾಪಸ್ ಕರೆಸಿಕೊಂಡು, ಕೊನೆಗೆ ಕೊತ್ತಂಬರಿ ಸೊಪ್ಪು ಕೊಸರು ಹಾಕಿಸಿಕೊಳ್ಳದೆ ಬಿಡುವವಳಲ್ಲ. ಅದೇ ಅಮ್ಮ ಮಾಲಿನ ಬಟ್ಟೆ ಅಂಗಡಿಯಲ್ಲಿ ನನ್ನ ತೋಳು ಹಿಡಿದು "ನೀನೇ ಕೇಳು" ಅಂತ ಪಿಸುಗುಟ್ಟಿದಳು. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಲೇಬೇಕು ಅಂತ 2024ರಲ್ಲಿ ಕಾನೂನೇನೋ ಬಂದಿದೆ, ಬೋರ್ಡು ಕನ್ನಡದಲ್ಲೇ ಇತ್ತು. ಆದರೆ ಅಮ್ಮ ಬೋರ್ಡಿನ ಹತ್ತಿರ ಸೀರೆ ಕೇಳುವುದಿಲ್ಲವಲ್ಲ. ಮುಂಚೆಯೆಲ್ಲ ನಾನೇ ಇಂಗ್ಲಿಷಿನಲ್ಲಿ ಕೇಳಿ ಮುಗಿಸಿಬಿಡುತ್ತಿದ್ದೆ. ಅಮ್ಮನಿಗೆ ಸಹಾಯ ಮಾಡುತ್ತಿದ್ದೇನೆ ಅಂತಲೇ ಎಣಿಸಿದ್ದೆ.

ಈ ಸಲ ಒಂದು ಹೆಜ್ಜೆ ಹಿಂದೆ ನಿಂತೆ. "ನೀನೇ ಕೇಳಮ್ಮ, ಕನ್ನಡದಲ್ಲೇ ಕೇಳು" ಅಂದೆ. ಅಮ್ಮ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಆಮೇಲೆ ಕೌಂಟರಿನ ಕಡೆ ತಿರುಗಿ ಕೇಳಿದಳು, "ಇದರಲ್ಲಿ ಹಸಿರು ಬಣ್ಣ ಐತೇನಪ್ಪಾ?"

ಆ ಹುಡುಗ ಬೇರೆ ರಾಜ್ಯದವನು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಎರಡು ಕ್ಷಣ ತಡವರಿಸಿದ. "ಹಸಿರು... ಇದೆ ಅಮ್ಮಾ. ಒನ್ ಮಿನಿಟ್" ಅಂತ ಒಳಗೆ ಹೋದ. ತಂದದ್ದು ನೀಲಿ.

ಅಮ್ಮ ನಗಲಿಲ್ಲ. ನೀಲಿ ಸೀರೆಯ ಮೇಲೆ ಕೈಯಿಟ್ಟು "ಇದು ನೀಲಿ" ಅಂದಳು. ಪಕ್ಕದ ಗೊಂಬೆ ಉಟ್ಟಿದ್ದ ಸೀರೆ ತೋರಿಸಿ "ಅದು ಹಸಿರು" ಅಂದಳು. ಹುಡುಗ ಎರಡನ್ನೂ ಒಮ್ಮೆ ಬಾಯಲ್ಲಿ ಹೇಳಿಕೊಂಡು ಮತ್ತೆ ಒಳಗೆ ಹೋದ.